ಎರಡು ರೂಪಾಯಿ ಎಂಟಾಣೆಯ ನೋಟು

ಮೊದಲನೆಯ ಮಹಾಯುದ್ಧವು ದೂರದ ಯೂರೋಪಿನಲ್ಲಿ ನಡೆದಿದ್ದರೂ ಅದರ ಬಿಸಿ ಭಾರತದ ಟಂಕಸಾಲೆಗಳಿಗೆ ತಟ್ಟದೆ ಇರಲಿಲ್ಲ. ಬೆಳ್ಳಿಯು ದುರ್ಲಭವಾಗುತ್ತ ಬಂದು, ಬೇಡಿಕೆಗೆ ತಕ್ಕಷ್ಟು ರೂಪಾಯಿಯ ನಾಣ್ಯವನ್ನು ಅಚ್ಚೊತ್ತುವುದು ದುಸ್ಸಾಧ್ಯವಾದಾಗ, ಸರಕಾರವು 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನೂ, ಅದರ ಬೆನ್ನಿಗೇ ಎರಡು ರೂಪಾಯಿ ಎಂಟಾಣೆಯ, ಎಂದರೆ ಎರಡೂವರೆ ರೂಪಾಯಿಯ, ನೋಟನ್ನೂ ಚಲಾವಣೆಗೆ ತಂದಿತು. 1926ರಲ್ಲಿ ಎರಡೂ ನಿಂತುಹೋದವು. ಒಂದು ರೂಪಾಯಿಯದು 1940ರಲ್ಲಿ ಮರಳಿ ಬಂದಿತು. ಎರಡೂವರೆ ರೂಪಾಯಿಯದು ಮತ್ತೆಂದೂ ಬರಲಿಲ್ಲ.

ಈ ನೋಟಿಗಾಗಿ ಸಂಗ್ರಾಹಕನು ಇಂದು ಅದರ ಮುಖಬೆಲೆಯ ಸಾವಿರಾರು ಪಟ್ಟು ಹಣವನ್ನು ತೆರಲು ಸಿದ್ಧನಾಗಿರುವುದಕ್ಕೆ ಪ್ರಾಚೀನತೆಯೊಂದೇ ಕಾರಣವೆಂದು ಭಾವಿಸಿದರೆ, ಅದೇ ಯುದ್ಧಕಾಲದಲ್ಲಿ ಹುಟ್ಟಿದ, ಅದೇ ಐದನೆಯ ಜಾರ್ಜ್ ದೊರೆಯ ಮುಖವನ್ನು ಹೊತ್ತ ಒಂದು ರೂಪಾಯಿಯ ನೋಟು ಎಷ್ಟೋ ಅಗ್ಗವಾಗಿ ದೊರೆಯುವುದೇಕೆಂಬ ಪ್ರಶ್ನೆಗೆ ಉತ್ತರ ಸಿಗದು. ಎಷ್ಟು ಉಳಿಯಿತು, ಉಳಿದುದನ್ನು ಬಯಸುವವರೆಷ್ಟು ಮಂದಿ ಎಂಬುದೇ ಇಲ್ಲಿ ನಿರ್ಣಾಯಕ. ಎರಡೂವರೆ ರೂಪಾಯಿಯು ಅಂದಿನ ಸಾಮಾನ್ಯ ಸಂಸಾರಕ್ಕೆ ಸಣ್ಣ ಮೊತ್ತವಾಗಿರಲಿಲ್ಲ. ಅದನ್ನು ಕೇವಲ ಕುತೂಹಲಕ್ಕಾಗಿ ಪೆಟ್ಟಿಗೆಯಲ್ಲಿಟ್ಟು ಮರೆಯುವ ಅನುಕೂಲ ಯಾರಿಗಿತ್ತು? ಖಜಾನೆಗೆ ಮರಳಿದುದು ರದ್ದಾಗಿ ನಾಶವಾಗುತ್ತಿತ್ತು. ಹೀಗೆ ಅಳಿದುಳಿದವುಗಳಲ್ಲಿಯೂ ಕಾನ್ಪುರ, ಮುಂಬಯಿ, ಕಲ್ಕತ್ತೆ, ಕರಾಚಿ, ಲಾಹೋರ್, ಮದರಾಸು, ರಂಗೂನು ಎಂಬ ನೋಟು ಹೊರಡಿಸುವ ವಲಯಗಳ ಪೈಕಿ ಯಾವುದರ ಅಕ್ಷರವಿದೆ ಎಂಬುದರಿಂದ ಬೆಲೆ ಏರಿಳಿಯುತ್ತದೆ.

ಇವೆಲ್ಲಕ್ಕೂ ಮಿಗಿಲಾದುದು ಕಾಗದದ ಸ್ಥಿತಿ. ನಡುವಿನ ಒಂದು ಮಡಿಕೆ, ಕಂತೆ ಕಟ್ಟುವಾಗ ಚುಚ್ಚಿದ ಸೂಜಿಯ ತೂತು, ಯಾರೋ ಗುಮಾಸ್ತನು ಅಂಚಿನಲ್ಲಿ ಬರೆದ ಲೆಕ್ಕ, ಇವುಗಳಲ್ಲಿ ಒಂದೊಂದೂ ಬೆಲೆಯನ್ನು ತಗ್ಗಿಸುತ್ತದೆ. ತೊಳೆದು ಇಸ್ತ್ರಿ ಮಾಡಿ ಹೊಸದರಂತೆ ತೋರಿಸುವವರೂ ಉಂಟು. ಆದರೆ ಹಾಗೆ ತೊಳೆದ ಕಾಗದವು ತನ್ನ ಸಹಜವಾದ ಬಿರುಸನ್ನು ಕಳೆದುಕೊಳ್ಳುವುದರಿಂದಲೂ, ಮುಚ್ಚಿದ ತೂತು ಬೆಳಕಿಗೆ ಹಿಡಿದಾಗ ಕಾಣುವುದರಿಂದಲೂ, ಪಳಗಿದ ಕಣ್ಣು ಮೋಸಹೋಗುವುದು ವಿರಳ.

ಆದರೂ ಕೈ ಸೋಕದ ಕಾಗದಕ್ಕೇ ಪಟ್ಟ ಕಟ್ಟುವ ಈ ನಿಯಮವನ್ನು ನಾನು ಪೂರ್ಣವಾಗಿ ಒಪ್ಪಲಾರೆ. 1861ರ ಕಾಯಿದೆಯ ತರುವಾಯ ನೋಟುಗಳು ಆಯಾ ವಲಯದೊಳಗೆ ಮಾತ್ರ ನ್ಯಾಯಸಮ್ಮತವಾಗಿದ್ದ ಕಾಲದಲ್ಲಿ, ದೂರದೂರಿಗೆ ಹಣ ಕಳುಹಿಸುವ ವರ್ತಕನು ನೋಟನ್ನು ಎರಡಾಗಿ ಕತ್ತರಿಸಿ, ಒಂದರ್ಧವನ್ನು ಅಂಚೆಗೆ ಹಾಕಿ, ಅದು ತಲಪಿದ ಸುದ್ದಿ ಬಂದ ಮೇಲೆ ಮಾತ್ರ ಉಳಿದರ್ಧವನ್ನು ಕಳುಹಿಸುತ್ತಿದ್ದನು. ಪಡೆದವನು ಎರಡು ತುಂಡುಗಳ ಕ್ರಮಾಂಕವನ್ನೂ ತಾಳೆ ನೋಡಿ ಅಂಟಿಸಿಕೊಳ್ಳುತ್ತಿದ್ದನು. ಸಂತೆಯ ದಾರಿ, ಕಳ್ಳರ ಭಯ, ಅಪರಿಚಿತರ ನಡುವಣ ನಂಬಿಕೆ ಎಲ್ಲವನ್ನೂ ಆ ಅಂಟಿನ ಗೆರೆಯು ದಾಖಲಿಸಿದೆಯಾದ್ದರಿಂದ, ಪೇಟೆಯು ಎಷ್ಟೇ ಕಡಿಮೆ ಬೆಲೆ ಕಟ್ಟಲಿ, ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಅಖಂಡವಾದುದನ್ನು ಬಿಟ್ಟು ಅಂಟಿಸಿದ ನೋಟನ್ನೇ ಕೈಗೆತ್ತಿಕೊಂಡೇನು.