ಶಾಸ್ತ್ರನಿರೂಪಣೆಯೂ ತಿಳಿಗನ್ನಡವೂ

ಗಹನವಾದ ವಿಷಯವನ್ನು ಓದುಗನಿಗೆ ನಿಲುಕುವಂತೆ ಹೇಳುವುದು ಹೇಗೆಂಬ ಪ್ರಶ್ನೆ ಕನ್ನಡ ಸಾಹಿತ್ಯದಲ್ಲಿ ಬಹು ಹಳೆಯದು. ಮುಳುಗುಂದದ ನಯಸೇನನು ಕ್ರಿ.ಶ. 1112ರಲ್ಲಿ ರಚಿಸಿದ ‘ಧರ್ಮಾಮೃತ’ದಲ್ಲಿ, ಕನ್ನಡದಲ್ಲಿ ಕಾವ್ಯ ಹೇಳಹೊರಟು ಸಂಸ್ಕೃತಪದಗಳನ್ನು ತುಂಬುವ ಕವಿಗಳನ್ನು ಆಕ್ಷೇಪಿಸಿದನು. ಹದಿಮೂರನೆಯ ಶತಮಾನದ ಆಂಡಯ್ಯನು ಇನ್ನೂ ಮುಂದೆ ಹೋಗಿ, ತತ್ಸಮಗಳನ್ನು ದೂರವಿಟ್ಟು, ದೇಶ್ಯ ಮತ್ತು ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ಕಟ್ಟಿದನು.

ಆದರೆ ಫಲವು ಎಣಿಸಿದಂತಾಗಲಿಲ್ಲ. ರೂಢಿಯ ಸಂಸ್ಕೃತಪದವನ್ನು ಬಿಟ್ಟು ಅಪರೂಪದ ತದ್ಭವವನ್ನು ಹಿಡಿದುದರಿಂದ ಆಂಡಯ್ಯನ ಕಾವ್ಯವು ಇಂದಿನ ಓದುಗನಿಗೆ ನಿಘಂಟಿನ ನೆರವಿಲ್ಲದೆ ತಿಳಿಯುವುದು ಕಷ್ಟ. ನಯಸೇನನಾದರೋ ಸಂಸ್ಕೃತಪದಗಳನ್ನು ಪೂರ್ಣವಾಗಿ ತೊರೆದವನಲ್ಲ. ಆದರೂ ಗಾದೆಗಳನ್ನೂ ದಿನಬಳಕೆಯ ಹೋಲಿಕೆಗಳನ್ನೂ ಧಾರಾಳವಾಗಿ ತಂದುದರಿಂದ ಅವನ ಕಥೆಗಳು ಜನಕ್ಕೆ ಹತ್ತಿರವಾದವು. ಪದಗಳ ಕುಲವನ್ನು ಶೋಧಿಸಿದ ಮಾತ್ರಕ್ಕೆ ಬರಹವು ಸುಲಭವಾಗದೆಂಬುದು ಇದರಿಂದ ಸ್ಪಷ್ಟ.

ಹನ್ನೆರಡನೆಯ ಶತಮಾನದ ಅಲ್ಲಮಪ್ರಭುದೇವರ ಬೆಡಗಿನ ವಚನಗಳು ಇದನ್ನೇ ಬೇರೊಂದು ಬಗೆಯಿಂದ ತೋರಿಸುತ್ತವೆ. ಅಲ್ಲಿ ಬರುವುದು ಪ್ರಾಣಿ, ಮರ, ನೀರು, ಬೆಂಕಿಗಳಂತಹ ಮನೆಮಾತು. ಅರ್ಥ ಮಾತ್ರ ಗೂಢ. ಆ ಕಾಠಿಣ್ಯವು ಪಾಂಡಿತ್ಯದ ಪ್ರದರ್ಶನಕ್ಕೆ ಬಂದುದಲ್ಲ, ಮಾತಿಗೆ ಮೀರಿದ ಅನುಭಾವದಿಂದ ಹುಟ್ಟಿದುದು. ಆದರೂ ಗೂಢಾರ್ಥವು ಬಲ್ಲವರ ಸೊತ್ತಾಗಿಯೇ ಉಳಿಯಬಾರದೆಂಬಂತೆ ಮುಂದಿನ ಶತಮಾನಗಳಲ್ಲಿ ಟೀಕಾಕಾರರು ಈ ಸಂಕೇತವು ಮನಸ್ಸು, ಇದು ದೇಹ, ಇದು ಮಾಯೆ ಎಂದು ಒಂದೊಂದಾಗಿ ಬಿಡಿಸಿದರು. ಬಿಡಿಸಿದ ಮೇಲೆ ಬೆಡಗಿನ ಬೆರಗು ಸ್ವಲ್ಪ ಕುಗ್ಗುವುದು ನಿಜ. ಆದರೆ ವಚನದೊಳಗೆ ಪ್ರವೇಶ ದೊರೆಯದಿದ್ದವನಿಗೆ ಪ್ರವೇಶ ದೊರೆಯಿತು.

ಹದಿನೈದನೆಯ ಶತಮಾನದವರೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ನಿಜಗುಣ ಶಿವಯೋಗಿಗಳು ಈ ಕಾರ್ಯವನ್ನು ಮೂರು ಬಗೆಯಲ್ಲಿ ನೆರವೇರಿಸಿದರು. ‘ಪರಮಾರ್ಥಪ್ರಕಾಶಿಕೆ’ಯು ಸಂಸ್ಕೃತದ ‘ಶಿವಯೋಗಪ್ರದೀಪಿಕೆ’ಗೆ ಕನ್ನಡ ಟೀಕೆ. ‘ವಿವೇಕಚಿಂತಾಮಣಿ’ಯು ದರ್ಶನ, ಯೋಗ, ವೈದ್ಯ, ಸಂಗೀತ ಮೊದಲಾದ ಅನೇಕ ವಿದ್ಯೆಗಳನ್ನು ಒಳಗೊಂಡ ಗದ್ಯಕೋಶ. ‘ಕೈವಲ್ಯಪದ್ಧತಿ’ಯು ತತ್ತ್ವವನ್ನು ಹಾಡಾಗಿಸಿತು, ಅದರ ಪದಗಳು ಭಜನೆಯ ಮೇಳಗಳಲ್ಲಿ ಇಂದಿಗೂ ಕೇಳಿಬರುತ್ತವೆ.

‘ವಿವೇಕಚಿಂತಾಮಣಿ’ಯ ರೀತಿಯು ವಿಶೇಷವಾಗಿ ಗಮನಾರ್ಹ. ಅಲ್ಲಿ ಪಾರಿಭಾಷಿಕ ಪದಗಳನ್ನು ಕೈಬಿಟ್ಟಿಲ್ಲ. ಶಾಸ್ತ್ರಕ್ಕೆ ಅವು ಅಗತ್ಯ. ವಿಷಯವನ್ನು ಹೆಸರಿಸುವುದು, ಅದರ ಭೇದಗಳನ್ನು ಎಣಿಸುವುದು, ಒಂದೊಂದರ ಲಕ್ಷಣವನ್ನು ಹೇಳುವುದು, ಇದೇ ಅಲ್ಲಿನ ಕ್ರಮ. ಪಾರಿಭಾಷಿಕ ಪದವು ಓದುಗನನ್ನು ತಡೆಯುವುದು ಅದರ ಅರ್ಥವನ್ನು ಹೇಳದೆ ಮುಂದೆ ಸಾಗಿದಾಗ. ಸಂಸ್ಕೃತ ವ್ಯಾಕರಣವನ್ನು ಕಲಿಯುವ ಅವಕಾಶವಿಲ್ಲದ ಒಕ್ಕಲಿಗನೂ ಗೃಹಿಣಿಯೂ ಶಾಸ್ತ್ರದ ಹೊರಗೇ ಉಳಿಯಬೇಕೆ ಎಂಬ ಪ್ರಶ್ನೆಗೆ ಇಂತಹ ಗ್ರಂಥಗಳೇ ಉತ್ತರ. ಇವುಗಳಲ್ಲಿ ವಿಷಯದ ಗೌರವವೂ ಕುಂದಿಲ್ಲ, ಓದುಗನ ಗೌರವವೂ ಕುಂದಿಲ್ಲ.