ಅಟ್ಟದ ಕಾಯಿ, ಓಸಿ ಚೀಟಿ

ಸುಲಿಯದ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತರೆ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ; ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ತುರುವೇಕೆರೆ ಕಡೆಯ ನಮ್ಮ ಹೆಂಗಸರಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ಚಿಕ್ಕಪ್ಪನಿಗೆ ಮಾತ್ರ ಸಂಜೆಯವರೆಗೂ ತಾಳ್ಮೆಯಿರಲಿಲ್ಲ. ಕೊಬ್ಬರಿ ಹಾಕಲು ತಿಪಟೂರಿಗೆ ಹೋದವರು ಓಸಿ ಚೀಟಿ ಬರೆಸಿ ಬರುತ್ತಿದ್ದರು.

ಓಸಿ ಎಂದರೆ ಓಪನ್, ಕ್ಲೋಸ್. ಅದರ ಹುಟ್ಟೂ ಪೇಟೆಯಲ್ಲೇ ಎಂದು ಆಮೇಲೆ ಓದಿ ತಿಳಿದೆ. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ, ಮುಕ್ತಾಯದ ಧಾರಣೆಗಳು ತಂತಿಯಲ್ಲಿ ಮುಂಬಯಿಗೆ ಬರುತ್ತಿದ್ದವು; ಜನ ಆ ಅಂಕಿಗಳ ಮೇಲೆ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ಧಾರಣೆ ಬರುವುದು ನಿಂತಿತು. ಜೂಜು ನಿಲ್ಲಲಿಲ್ಲ. ಹತ್ತಿಯನ್ನೇ ಬಿಟ್ಟು ಮಡಕೆಯಿಂದ ಚೀಟಿ ಎತ್ತತೊಡಗಿದರು. ಮಟ್ಕಾ ಎಂಬ ಹೆಸರು ಆ ಮಡಕೆಯದೇ. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಅದನ್ನು ದೊಡ್ಡ ದಂಧೆ ಮಾಡಿದರು. ಹತ್ತಿಯೂ ಇಲ್ಲ, ಬೆಲೆಯೂ ಇಲ್ಲ, ಬರೀ ಅಂಕಿ!

ಒಂದು ವರ್ಷ ಚಿಕ್ಕಪ್ಪ ಸಾಲಕ್ಕೆಂದು ಐದನೇ ತಿಂಗಳಿಗೇ ಅಟ್ಟದ ಕಾಯಿ ಇಳಿಸಿಬಿಟ್ಟರು. ಮಗಳ ಮದುವೆಗೆಂದು ಚಿಕ್ಕಮ್ಮ ಎಣಿಸಿಟ್ಟ ಕಾಯಿ ಅದು. ಅವರು ಜಗಳವಾಡಲಿಲ್ಲ, ಖಾಲಿ ಅಟ್ಟ ಗುಡಿಸಿದರು. ಮದುವೆ ಎರಡು ವರ್ಷ ಮುಂದೆ ಹೋಯಿತು.

ಈಗ ಬಿಟ್‌ಕಾಯಿನ್ ಬೆಲೆ ಇನ್ನು ಹದಿನೈದು ನಿಮಿಷಕ್ಕೆ ಏರುತ್ತದೋ ಇಳಿಯುತ್ತದೋ ಎಂದು ಮೊಬೈಲಿನಲ್ಲೇ ಹಣ ಕಟ್ಟುತ್ತಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ನಿಷೇಧಿಸಿದೆ. ಅದನ್ನು ಹೇಳಿದರೆ ಚಿಕ್ಕಮ್ಮನ ಮೊಮ್ಮಗ, “ಇದು ಜೂಜಲ್ಲ ದೊಡ್ಡಮ್ಮ, ಮಾರ್ಕೆಟ್ಟು” ಅಂದ.

ಏಣಿಯ ಬಳಿ ಕೂತಿದ್ದ ಚಿಕ್ಕಮ್ಮ ತಲೆಯೆತ್ತಲಿಲ್ಲ. “ನಿಮ್ಮ ತಾತನೂ ಕೊಬ್ಬರಿ ರೇಟು ನೋಡಕ್ಕೆ ಹೋಗಿದ್ದೆ ಅಂತಲೇ ಅನ್ನೋರು ಕಣಪ್ಪ” ಅಂದರು.