ಶ್ವಾಸ ಚಿಕಿತ್ಸಕರ ವಿದ್ಯಾರ್ಹತೆ ಮತ್ತು ಕಾನೂನು

ಉಸಿರಾಟದ ತೊಂದರೆಯಿರುವವರಿಗೆ ಆಮ್ಲಜನಕ ಕೊಡುವುದು, ನೆಬುಲೈಸರ್ ಹಾಕುವುದು, ಕಟ್ಟಿದ ಕಫ ತೆಗೆಯುವುದು, ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುವುದು ಶ್ವಾಸ ಚಿಕಿತ್ಸಕರ ಕೆಲಸ. ಇದಕ್ಕೆ ಕನಿಷ್ಠ ಎಷ್ಟು ಓದಿರಬೇಕು ಎಂಬುದನ್ನು ಭಾರತದಲ್ಲಿ 2021ರವರೆಗೆ ಯಾವ ಕೇಂದ್ರ ಕಾಯಿದೆಯೂ ಹೇಳಿರಲಿಲ್ಲ.

ಓದಿನ ಪ್ರಶ್ನೆ ಏಳುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ. ಶ್ವಾಸಕೋಶ ತೀವ್ರವಾಗಿ ಹಾಳಾದವರಿಗೆ ಪ್ರತಿ ಉಸಿರಿಗೆ ಎಷ್ಟು ಗಾಳಿ ಕೊಡಬೇಕೆಂದು ತೀರ್ಮಾನಿಸುವುದು ತಕ್ಕಡಿ ತೋರಿಸುವ ತೂಕದಿಂದಲ್ಲ, ಎತ್ತರದಿಂದ. 165 ಸೆಂ.ಮೀ. ಎತ್ತರದ ಗಂಡಸಿಗೆ ಎತ್ತರದ ಲೆಕ್ಕದಲ್ಲಿ ಬರುವ ತೂಕ ಸುಮಾರು 61.5 ಕೆ.ಜಿ.; ಕೆ.ಜಿ.ಗೆ 6 ಮಿ.ಲೀ.ನಂತೆ ಸುಮಾರು 370 ಮಿ.ಲೀ. ಆಗುತ್ತದೆ. ಆತ 85 ಕೆ.ಜಿ. ತೂಗುತ್ತಾನೆಂದು 510 ಮಿ.ಲೀ. ಇಟ್ಟರೆ ಗಾಳಿಗೂಡುಗಳು ಅತಿಯಾಗಿ ಹಿಗ್ಗಿ, ಬದುಕಿಸಬೇಕಾದ ಯಂತ್ರವೇ ಗಾಯ ಮಾಡುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 861 ರೋಗಿಗಳ ಪೈಕಿ ಕೆ.ಜಿ.ಗೆ 12 ಮಿ.ಲೀ. ಪಡೆದ ಗುಂಪಿನಲ್ಲಿ ಶೇ. 39.8ರಷ್ಟು, 6 ಮಿ.ಲೀ. ಪಡೆದ ಗುಂಪಿನಲ್ಲಿ ಶೇ. 31ರಷ್ಟು ಮಂದಿ ತೀರಿಕೊಂಡಿದ್ದರು. ಗುಂಡಿ ಒತ್ತುವುದನ್ನು ಕಲಿತ ಮಾತ್ರಕ್ಕೆ ಈ ತಿಳಿವಳಿಕೆ ಬರುವುದಿಲ್ಲ.

ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಗೆ 2021ರ ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಜಾರಿಗೆ ಬಂದದ್ದು ಮೇ 25ರಂದು, ಕೋವಿಡ್ ಎರಡನೇ ಅಲೆಯ ನಡುವೆ. ಸರಕಾರ ಕಳಿಸಿದ ವೆಂಟಿಲೇಟರುಗಳು ನಡೆಸುವವರಿಲ್ಲದೆ ಬಿದ್ದಿವೆ ಎಂಬ ವರದಿಗಳು ದೇಶದ ಹಲವೆಡೆಯಿಂದ ಬರುತ್ತಿದ್ದ ದಿನಗಳವು. ಕಾಯಿದೆ ಎರಡು ದರ್ಜೆ ಮಾಡಿದೆ: ಸಹವರ್ತಿ ವೃತ್ತಿಪರರಿಗೆ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ, ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಗಳ ಪದವಿ. ಶ್ವಾಸ ಚಿಕಿತ್ಸೆಗೆ ಎರಡನೆಯದೇ ತಕ್ಕ ಅಳತೆ. ಕಾಯಿದೆಯಂತೆ ರಚಿಸಬೇಕಾದ ಪರಿಷತ್ತುಗಳನ್ನು ರಚಿಸಲು ರಾಜ್ಯಗಳು ತಡಮಾಡಿದ್ದರಿಂದ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಕ್ಟೋಬರ್ 12ರ ಗಡುವು ಕೊಟ್ಟಿತು.

ಕರ್ನಾಟಕದಲ್ಲಿ ಪದವಿಯ ದಾರಿ ಮೊದಲೇ ತೆರೆದಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಬಿ.ಎಸ್ಸಿ.ಗೆ ಪಿಯುಸಿ ವಿಜ್ಞಾನ ಓದಿದವರು ಸೇರಬಹುದು. ಮೂರು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್.

ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂಬ ಒತ್ತಾಯ ಅಮೆರಿಕದಲ್ಲಿ ಇನ್ನೂ ಮುಂದೆ ಹೋಗಿದೆ. 2018ರಿಂದ ಅಲ್ಲಿ ಹೊಸದಾಗಿ ಮಾನ್ಯತೆ ಬಯಸುವ ಪ್ರವೇಶ ಹಂತದ ಕೋರ್ಸು ಕನಿಷ್ಠ ಬ್ಯಾಚುಲರ್ ಪದವಿಯದಾಗಿರಬೇಕು. 2030ರ ಹೊತ್ತಿಗೆ ಹೊಸಬರೆಲ್ಲರೂ ಪದವೀಧರರಾಗಿರಬೇಕೆಂಬುದು ಅಲ್ಲಿನ ವೃತ್ತಿ ಸಂಘದ ಗುರಿ.

ಪದವಿಯನ್ನು ಕಡ್ಡಾಯ ಮಾಡುವುದಕ್ಕೆ ಬರುವ ಆಕ್ಷೇಪವನ್ನು ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗದಂಥ ತಾಲೂಕುಗಳಲ್ಲಿ ನಿಂತು ಕೇಳಬೇಕು. ಯಲ್ಲಮ್ಮನ ಗುಡ್ಡದ ಬುಡದ ಉಗರಗೋಳದಲ್ಲಿ ಒಬ್ಬರಿಗೆ ಉಸಿರು ಕಟ್ಟಿದರೆ ಮೊದಲು ಸವದತ್ತಿ, ಅಲ್ಲಿ ಆಗದಿದ್ದರೆ ಧಾರವಾಡ, ಹುಬ್ಬಳ್ಳಿ ಅಥವಾ ಬೆಳಗಾವಿ. ಸವದತ್ತಿಯಿಂದ ಧಾರವಾಡಕ್ಕೇ ಸುಮಾರು 40 ಕಿ.ಮೀ. ಅರ್ಹತೆ ಏರಿಸಿದರೆ ಇರುವ ಕೈಗಳೂ ಕಡಿಮೆಯಾದಾವು, ರೈತರ ಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಓದಿನ ಖರ್ಚು ಬಿದ್ದೀತು ಎಂಬ ಭಯ ಸುಳ್ಳಲ್ಲ. ಹಾಗೆಂದು ದೂರದ ಊರಿನ ರೋಗಿಗೆ ಕಡಿಮೆ ಓದಿದವರೇ ಸಾಕೆನ್ನುವುದು ಅನ್ಯಾಯ. ಹತ್ತಿರದಲ್ಲಿ ತಜ್ಞ ವೈದ್ಯರಿಲ್ಲದ ಕಡೆಯೇ ಚಿಕಿತ್ಸಕರ ಸ್ವಂತ ತೀರ್ಮಾನಕ್ಕೆ ಹೆಚ್ಚು ಕೆಲಸ. ಈಗಾಗಲೇ ದುಡಿಯುತ್ತಿರುವವರ ನೋಂದಣಿ ಉಳಿಸಿ, ಡಿಪ್ಲೊಮಾದವರಿಗೆ ಅನುಭವ ಪರಿಗಣಿಸುವ ಸೇತು ಕೋರ್ಸು, ತಾಲೂಕಿನಲ್ಲಿ ಸೇವೆಗೆ ಒಪ್ಪುವವರಿಗೆ ವಿದ್ಯಾರ್ಥಿವೇತನ ಕೊಟ್ಟರೆ ಎರಡೂ ಕಡೆ ನಷ್ಟವಿಲ್ಲದೆ ನಿಯಮ ತರಬಹುದು.